ವೃದ್ಧವೃಕ್ಷದ ಚಿತ್ರಗಳು: ಸಾದೃಶ್ಯ, ದ್ರವ್ಯ, ಭಾವ

೧

ಮರವನ್ನು ದೂರದಿಂದ ನೋಡುವವನಿಗೆ ಅದು ಒಂದು ಪೂರ್ಣಾಕಾರವಾಗಿ ತೋರುತ್ತದೆ. ಬುಡದ ಬಳಿಗೆ ಹೋಗಿ ನಿಂತವನಿಗೆ ಆ ಆಕಾರವು ಮರೆಯಾಗಿ, ತೊಗಟೆಯ ಸೀಳುಗಳು, ಗಂಟುಗಳು, ಪೊಟರೆಗಳು, ಮಣ್ಣನ್ನು ಕಚ್ಚಿ ಹಿಡಿದ ಬೇರುಗಳು ಇವಿಷ್ಟೇ ಕಣ್ಣಿಗೆ ಬೀಳುತ್ತವೆ. ಮರವು ಮುದಿಯಾಗಿದ್ದರಂತೂ ಈ ಎರಡು ನೋಟಗಳಿಗಿರುವ ಅಂತರವು ಇನ್ನೂ ಹೆಚ್ಚುತ್ತದೆ. ಏಕೆಂದರೆ ಎಳೆಯ ಮರದ ಅಂದವು ಅದರ ಒಟ್ಟು ನಿಲುವಿನಲ್ಲಿದ್ದರೆ, ಮುದಿಮರದ ಚರಿತ್ರೆಯು ಅದರ ಮೈಯಲ್ಲಿ ಬರೆದಿರುತ್ತದೆ. ಯುರೋಪು ಖಂಡದ ಕೆಲವು ಚಿತ್ರಕಾರರು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಈ ಎರಡನೆಯ ನೋಟವನ್ನೇ ಚಿತ್ರಕ್ಕೆ ವಿಷಯವಾಗಿ ಹಿಡಿದರು. ಅದಕ್ಕಾಗಿ ಸೀಸದಕಡ್ಡಿ, ಸೀಮೆಸುಣ್ಣ, ಮಸಿ, ನೀರುಬಣ್ಣ ಮುಂತಾದ ಭಿನ್ನದ್ರವ್ಯಗಳನ್ನು ಒಂದೇ ಹಾಳೆಯ ಮೇಲೆ ಬೆರಸಿದರು. ಕಡೆಗೆ ಅವರಲ್ಲೊಬ್ಬನು ಮರವು ಮರವೆಂದು ಗುರುತು ಸಿಕ್ಕದ ಎಲ್ಲೆಯನ್ನೂ ಮುಟ್ಟಿದನು.

ಇಂತಹ ಚಿತ್ರಗಳ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ಇದು ಮರವೂ ಅಲ್ಲ, ಚಿತ್ರವೂ ಅಲ್ಲ. ಕಂಡದ್ದನ್ನು ಕಂಡಂತೆ ಬರೆಯಲಾರದವನು ಕೈಗೊಂಡ ಉಪಾಯವು, ಎಂಬುದು ಮೊದಲನೆಯ ಪಕ್ಷ. ಮರವೆಂಬುದು ನೆಪಮಾತ್ರವು, ರೇಖೆ ವರ್ಣಗಳ ವಿನ್ಯಾಸವೇ ಚಿತ್ರದ ಸರ್ವಸ್ವವು, ಅಲ್ಲಿ ಸಾದೃಶ್ಯವನ್ನು ಕೇಳುವುದೇ ಅರಸಿಕತೆ, ಎಂಬುದು ಎರಡನೆಯದು. ಒಂದು ಹಳಬರದು, ಮತ್ತೊಂದು ಹೊಸಬರದು ಎಂದು ಇವನ್ನು ವಿಂಗಡಿಸುವ ವಾಡಿಕೆಯುಂಟು. ವಿಚಾರಿಸಿ ನೋಡಿದರೆ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು. ಸಾದೃಶ್ಯವೆಂದರೆ ಹೊರಗೆರೆಯ ಹೋಲಿಕೆ ಮಾತ್ರವೆಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಒಬ್ಬನು ಅದು ಇಲ್ಲವೆಂದು ಚಿತ್ರವನ್ನು ಹಳಿಯುತ್ತಾನೆ, ಇನ್ನೊಬ್ಬನು ಅದು ಬೇಡವೆಂದು ಚಿತ್ರವನ್ನು ಹೊಗಳುತ್ತಾನೆ. ಆ ಅಂಗೀಕಾರವೇ ನಿಲ್ಲತಕ್ಕದ್ದಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶವು.

೨

ಮೊದಲು ಸಂಜ್ಞೆಗಳ ವಿಚಾರ. ಇಂತಹ ಕೃತಿಗಳಿಗೆ 'ಅಮೂರ್ತ ಚಿತ್ರ' ಎಂಬ ಹೆಸರು ಕನ್ನಡದಲ್ಲಿ ರೂಢವಾಗಿದೆ. ಶಬ್ದಾರ್ಥವನ್ನು ಹಿಡಿದು ಹೋದರೆ ಇದು ವಿರೋಧೋಕ್ತಿಯೇ ಸರಿ. ಚಿತ್ರವು ಕಣ್ಣಿಗೆ ಕಾಣುವ ಮೂರ್ತದ್ರವ್ಯದಿಂದಲೇ ಆಗತಕ್ಕದ್ದು. ಇಲ್ಲಿ ಆಗುವುದು ಮೂರ್ತಿಯ ನಿರಾಕರಣವಲ್ಲ, ವಸ್ತುವಿನ ಅನೇಕ ಧರ್ಮಗಳಲ್ಲಿ ಕೆಲವನ್ನು ಬಿಟ್ಟು ಕೆಲವನ್ನು ಎತ್ತಿಕೊಳ್ಳುವುದು. ಆದುದರಿಂದ 'ಸಾರಗ್ರಹಣ' ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು. ರೂಢಿಯು ಬಲವಾದುದರಿಂದ ಹಳೆಯ ಹೆಸರನ್ನೇ ಬಳಸಿದರೂ ಅದರ ಅರ್ಥವನ್ನು ಹೀಗೆ ತಿಳಿಯತಕ್ಕದ್ದು.

ಇನ್ನು ಪ್ರಮಾಣಗ್ರಂಥಗಳು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಭೇದಗಳನ್ನು ಹೇಳಿದ್ದಾನೆ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವಿರುವುದು ವಿದ್ಧಚಿತ್ರ. ಬರೆಯಬೇಕೆಂದು ತಟ್ಟನೆ ಹುಟ್ಟಿದ ಸಂಕಲ್ಪದಿಂದ ಆಕಾರಮಾತ್ರ ಸಿದ್ಧಿಸುವಂತೆ ಬರೆದುದು ಅವಿದ್ಧಚಿತ್ರ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸವು ತಿಳಿಯುವಂತಿರುವುದು ಭಾವಚಿತ್ರ. ಈ ಮೂರು ಭೇದಗಳು ಪ್ರಯೋಜನವನ್ನು ಅನುಸರಿಸಿದವು. ಅಲ್ಲದೆ ದ್ರವ್ಯವನ್ನು ಅನುಸರಿಸಿ ಇನ್ನೆರಡು ಭೇದಗಳುಂಟು: ದ್ರವರೂಪವಾದ ಬಣ್ಣದಿಂದ ಬರೆದುದು ರಸಚಿತ್ರ, ಪುಡಿಮಾಡಿದ ಬಣ್ಣದಿಂದ ಬರೆದುದು ಧೂಳಿಚಿತ್ರ. ಪ್ರತಿಬಿಂಬದಂತಹ ಹೋಲಿಕೆಯು ಚಿತ್ರದ ಒಂದು ಬಗೆಯ ಲಕ್ಷಣವೇ ಹೊರತು ಚಿತ್ರಸಾಮಾನ್ಯದ ಲಕ್ಷಣವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿಯೂ ಗಮನಿಸತಕ್ಕ ಮಾತೊಂದುಂಟು. ತಗ್ಗು ಉಬ್ಬುಗಳ ವಿಭಾಗವನ್ನು ಬರೆದು ತೋರಿಸಬಲ್ಲವನನ್ನೂ, ಮಲಗಿದವನನ್ನು ಚೇತನವುಳ್ಳವನಂತೆ, ಸತ್ತವನನ್ನು ಚೇತನವಿಲ್ಲದವನಂತೆ ಕಾಣಿಸಬಲ್ಲವನನ್ನೂ ಆ ಗ್ರಂಥವು ಚಿತ್ರವನ್ನು ಬಲ್ಲವನೆಂದು ಹೇಳುತ್ತದೆ. ಮಲಗಿದವನಿಗೂ ಸತ್ತವನಿಗೂ ಹೊರಗೆರೆಯಲ್ಲಿ ಭೇದವು ಅತ್ಯಲ್ಪವಾದುದರಿಂದ, ಗೆರೆಯ ಒಳಗೆ ಮತ್ತಾವುದೋ ಒಂದನ್ನು ಚಿತ್ರಕಾರನು ಹಿಡಿಯಬೇಕೆಂಬುದೇ ಇಲ್ಲಿಯ ಆಶಯವೆನ್ನಬೇಕು. ಕಾಮಸೂತ್ರದ ಟೀಕಾಕಾರನಾದ ಯಶೋಧರನು ಎಣಿಸಿದ ಚಿತ್ರದ ಆರು ಅಂಗಗಳಲ್ಲಿಯೂ ರೂಪಭೇದವೂ ಸಾದೃಶ್ಯವೂ ಬೇರೆಬೇರೆಯಾಗಿವೆ. ಹೊರಾಕಾರದ ಹೋಲಿಕೆಯೇ ಸಾದೃಶ್ಯವಾಗಿದ್ದರೆ ಇವೆರಡನ್ನು ಪ್ರತ್ಯೇಕವಾಗಿ ಹೇಳುವ ಅವಶ್ಯಕತೆಯಿರಲಿಲ್ಲ.

ಕಾವ್ಯಶಾಸ್ತ್ರದಲ್ಲಿ ಇದಕ್ಕೆ ಸಮಾನವಾದ ವಿಚಾರವು ಸ್ವಭಾವೋಕ್ತಿಯದು. ದಂಡಿಯು ಅರ್ಥಾಲಂಕಾರಗಳಲ್ಲಿ ಅದಕ್ಕೆ ಮೊದಲ ಸ್ಥಾನವನ್ನು ಕೊಟ್ಟನು. ಕುಂತಕನು ಅದನ್ನು ಅಲಂಕಾರವೆಂದೇ ಒಪ್ಪಲಿಲ್ಲ. ಮಹಿಮಭಟ್ಟನು ವಸ್ತುವಿಗೆ ಸಾಮಾನ್ಯರೂಪ, ವಿಶಿಷ್ಟರೂಪ ಎಂದು ಎರಡನ್ನು ಹೇಳಿ, ಎರಡನೆಯದು ಪ್ರತಿಭಾವಂತನ ನೋಟಕ್ಕೇ ಗೋಚರವೆಂದು ನಿರ್ಣಯಿಸಿದನು. ಮರವೆಂದೊಡನೆ ಎಲ್ಲರ ಮನಸ್ಸಿಗೂ ಬರುವ ಕಾಂಡ, ಕೊಂಬೆ, ಎಲೆಗಳು ಸಾಮಾನ್ಯರೂಪವು. ಈ ಒಂದು ಮರವು ಇಷ್ಟು ವರ್ಷಗಳ ಗಾಳಿ ಮಳೆಗಳನ್ನು ತಿಂದು ಹೀಗೆ ತಿರುಚಿಕೊಂಡಿದೆಯೆಂಬುದು ವಿಶಿಷ್ಟರೂಪವು. ಮುದಿಮರದ ಸಮೀಪಚಿತ್ರಗಳನ್ನು ಈ ಎರಡನೆಯ ರೂಪದ ಅನ್ವೇಷಣೆಯೆಂದು ತಿಳಿದು ಪರೀಕ್ಷಿಸಬೇಕು.

೩

ಮೊದಲ ಉದಾಹರಣೆಯು ಇಂಗ್ಲೆಂಡಿನದು. ಸ್ಯಾಮ್ಯುಯೆಲ್ ಪಾಮರ್ (೧೮೦೫–೧೮೮೧) ಎಂಬ ಚಿತ್ರಕಾರನು ೧೮೨೮ರಲ್ಲಿ, ತಾನಾಗ ವಾಸಿಸುತ್ತಿದ್ದ ಶೋರ್‌ಹ್ಯಾಮಿಗೆ ಸಮೀಪದ ಲಲಿಂಗ್‌ಸ್ಟನ್ ವನದಲ್ಲಿ, ಅತಿ ಪುರಾತನವಾದ ಓಕ್ ಮರಗಳನ್ನು ಬರೆದನು. ಈತನು ಕವಿಯೂ ಚಿತ್ರಕಾರನೂ ಆದ ವಿಲಿಯಂ ಬ್ಲೇಕನ ಭಕ್ತನು. ಮನಸ್ಸಿನಲ್ಲಿ ಕಂಡ ದಿವ್ಯದೃಶ್ಯಗಳನ್ನು ಚಿತ್ರಿಸುವುದರಲ್ಲಿ ಆಸಕ್ತನು. ಕಣ್ಣೆದುರಿನ ಪ್ರಕೃತಿಯನ್ನು ನೋಡಿ ಬರೆಯೆಂದು ಪ್ರೇರಿಸಿದವನು ಅವನ ಹಿರಿಯ ಮಿತ್ರನೂ ಮುಂದೆ ಮಾವನೂ ಆದ ಜಾನ್ ಲಿನೆಲ್. ಹೀಗೆ ಅಂತರ್ದೃಷ್ಟಿಯವನಿಗೆ ಬಹಿರ್ದೃಷ್ಟಿಯ ಕೆಲಸವು ಒದಗಿತು.

ಓಕ್ ಮತ್ತು ಬೀಚ್ ಮರಗಳನ್ನು ಒಟ್ಟಿಗೆ ಬರೆದ ಒಂದು ಹಾಳೆಯು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಸೀಸದಕಡ್ಡಿ, ಕಂದು ಮಸಿ, ತೆಳುವಾದ ನೀರುಬಣ್ಣ, ಗಟ್ಟಿಯಾದ ನೀರುಬಣ್ಣ, ಗೋಂದು ಇವೆಲ್ಲವೂ ಸೇರಿವೆ. ಕಾಂಡದ ಮೈಯನ್ನು ಚಿತ್ರಕಾರನು ಒಂದು ವಿಸ್ತಾರವಾದ ಭೂಪ್ರದೇಶದಂತೆ ಭಾವಿಸಿ, ಅದರ ಮಡಿಕೆ ಮಡಿಕೆಗಳಲ್ಲಿ ಸಂಚರಿಸಿದ್ದಾನೆ. ಮಸಿಯ ಗೆರೆಯು ಸೀಳಿನ ಆಳವನ್ನು ಹೇಳುತ್ತದೆ. ಗಟ್ಟಿಬಣ್ಣವು ಉಬ್ಬಿನ ಮೇಲೆ ಬಿದ್ದ ಬೆಳಕನ್ನು ಹೇಳುತ್ತದೆ. ಚಿತ್ರಸೂತ್ರವು ಹೇಳುವ ತಗ್ಗು ಉಬ್ಬುಗಳ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯವು ದೊರೆಯುವುದು ಕಷ್ಟ.

ಮಾನಸೋಲ್ಲಾಸದ ವಿಭಾಗದಲ್ಲಿ ಇದು ವಿದ್ಧಚಿತ್ರವೇ. ಅಮೂರ್ತವೆಂದು ಯಾರೂ ಹೇಳರು. ಆದರೂ ಮುಂದಿನ ಚಿತ್ರಗಳ ಬೀಜವು ಇಲ್ಲಿಯೇ ಇದೆ. ಕಣ್ಣು ಒಂದೇ ಅವಯವದ ಮೇಲೆ ದೀರ್ಘಕಾಲ ನಿಂತರೆ ಆ ಅವಯವವು ಅವಯವಿಯ ಅಧೀನದಿಂದ ಬಿಡಿಸಿಕೊಂಡು ತಾನೇ ಒಂದು ವಸ್ತುವಾಗಿ ನಿಲ್ಲುತ್ತದೆ. ಈ ಓಕ್ ಮರದ ಕಾಂಡವನ್ನು ನೋಡುತ್ತಿರುವವನಿಗೆ ಅದರ ಕೊಂಬೆಗಳು ಮರೆತುಹೋಗುತ್ತವೆ. ಹೋಲಿಕೆಯನ್ನು ಬಿಡದೆ ಹತ್ತಿರ ಹೋದುದರಿಂದಲೇ ಹೋಲಿಕೆಯು ಅಪೂರ್ವವಾಯಿತೆಂಬುದು ಇಲ್ಲಿ ಗ್ರಾಹ್ಯವಾದ ಅಂಶ.

೪

ಎರಡನೆಯ ಉದಾಹರಣೆಯು ಡಚ್ ಚಿತ್ರಕಾರನಾದ ವಿನ್ಸೆಂಟ್ ವಾನ್ ಗೋ (೧೮೫೩–೧೮೯೦) ಬರೆದುದು. ೧೮೮೨ರ ವಸಂತದಲ್ಲಿ ಹೇಗ್ ನಗರದಲ್ಲಿದ್ದಾಗ ಅವನು ಮರಳುಮಣ್ಣಿನಿಂದ ಹೊರಬಿದ್ದ ಮರದ ಬೇರುಗಳನ್ನು ದೊಡ್ಡ ಹಾಳೆಯೊಂದರ ಮೇಲೆ ಬರೆದನು. ಸುಮಾರು ೫೧ ಸೆಂಟಿಮೀಟರು ಎತ್ತರ, ೭೧ ಸೆಂಟಿಮೀಟರು ಅಗಲವಿರುವ ಈ ಕೃತಿಯು ಆಟರ್ಲೊ ಗ್ರಾಮದ ಕ್ರೋಲರ್-ಮ್ಯುಲರ್ ಸಂಗ್ರಹಾಲಯದಲ್ಲಿದೆ. ಸೀಸದಕಡ್ಡಿ, ಕರಿಯ ಸೀಮೆಸುಣ್ಣ, ಕುಂಚದಿಂದ ಹಚ್ಚಿದ ಮಸಿ, ಕಂದು ಬೂದು ತೆಳುಲೇಪಗಳು, ಗಟ್ಟಿ ನೀರುಬಣ್ಣ ಇಷ್ಟು ದ್ರವ್ಯಗಳು ಇದರಲ್ಲಿವೆ. ಸೋಮೇಶ್ವರನ ಪರಿಭಾಷೆಯನ್ನು ವಿಸ್ತರಿಸಿ ಹೇಳುವುದಾದರೆ ಧೂಳಿಚಿತ್ರವೂ ರಸಚಿತ್ರವೂ, ಎಂದರೆ ಒಣದ್ರವ್ಯದ ಕೆಲಸವೂ ದ್ರವದ ಕೆಲಸವೂ, ಒಂದೇ ಹಾಳೆಯಲ್ಲಿ ಕೂಡಿವೆ.

ದ್ರವ್ಯಗಳ ಈ ಬೆರಕೆಯು ಗುಣವೋ ದೋಷವೋ ಎಂಬುದು ವಿಚಾರಣೀಯವಾಗಿದೆ. ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಇದು ಹೊಸ ಪ್ರಶ್ನೆಯಲ್ಲ. ಚಂಪೂಕಾವ್ಯದ ವಿಷಯದಲ್ಲಿಯೂ ಇದೇ ಪ್ರಶ್ನೆಯುಂಟು. ಗದ್ಯಪದ್ಯಗಳು ಕೇವಲ ಕೂಡಿದ ಮಾತ್ರಕ್ಕೆ ಚಂಪುವು ಒಳ್ಳೆಯದಾಗುವುದಿಲ್ಲ. ಗದ್ಯಕ್ಕೆ ಉಚಿತವಾದುದನ್ನು ಗದ್ಯವೂ, ವೃತ್ತಕ್ಕೆ ಉಚಿತವಾದುದನ್ನು ವೃತ್ತವೂ ಹೊತ್ತಾಗಲೇ ಬೆರಕೆಯು ಸಾರ್ಥಕ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಬಣ್ಣದ ಜತೆಗೆ ಉಬ್ಬುಗೆಲಸವೂ ಚಿನ್ನದ ರೇಕೂ ಸೇರುತ್ತವೆ. ಚಿನ್ನವು ಕಿರೀಟ ಆಭರಣಗಳ ಸ್ಥಾನದಲ್ಲಿ ಶೋಭಿಸುತ್ತದೆ, ಮುಖಕ್ಕೆ ಬಳಿದರೆ ಚಿತ್ರವು ಕೆಡುತ್ತದೆ.

ಈ ಔಚಿತ್ಯವನ್ನು ಪರೀಕ್ಷಿಸಲು ಆಲಂಕಾರಿಕರು ಒಂದು ಒರೆಗಲ್ಲನ್ನು ಕೊಟ್ಟಿದ್ದಾರೆ. ಒಂದು ಪದವನ್ನು ತೆಗೆದು ಅದರ ಪರ್ಯಾಯಪದವನ್ನಿಟ್ಟರೆ ಚಮತ್ಕಾರವು ಉಳಿಯುತ್ತದೆಯೇ ಅಳಿಯುತ್ತದೆಯೇ ಎಂದು ನೋಡಿ, ಅದು ಶಬ್ದವನ್ನು ಆಶ್ರಯಿಸಿದೆಯೋ ಅರ್ಥವನ್ನು ಆಶ್ರಯಿಸಿದೆಯೋ ಎಂದು ಅವರು ನಿರ್ಣಯಿಸುತ್ತಾರೆ. ಇದಕ್ಕೆ ಪರಿವೃತ್ತಿಸಹತ್ವವೆಂದು ಹೆಸರು. ದ್ರವ್ಯದ ವಿಷಯದಲ್ಲಿಯೂ ಹೀಗೆಯೇ ಮಾಡಬಹುದು. ಈ ಬೇರುಗಳ ಚಿತ್ರದಲ್ಲಿ ಸೀಮೆಸುಣ್ಣ ಸೀಸಗಳನ್ನು ತೆಗೆದು ಎಲ್ಲವನ್ನೂ ನೀರುಬಣ್ಣದಲ್ಲಿ ಬರೆದರೆ ಬೇರಿನ ಒರಟು ಹೋಗಿ ಅದು ನುಣುಪಾದ ಹಗ್ಗವಾಗುತ್ತದೆ. ತೆಳುಲೇಪವನ್ನು ತೆಗೆದು ಎಲ್ಲವನ್ನೂ ಕಡ್ಡಿಯಿಂದ ಗೀಚಿದರೆ ಮರಳಿನ ಸಡಿಲತೆ ಹೋಗಿ, ಬೇರು ಯಾವುದನ್ನು ಹಿಡಿದುಕೊಂಡಿದೆಯೋ ಅದೇ ಇಲ್ಲವಾಗುತ್ತದೆ. ಗಟ್ಟಿಯಾದುದು ಸಡಿಲವಾದುದನ್ನು ಹಿಡಿದಿದೆಯೆಂಬುದೇ ಚಿತ್ರದ ಅರ್ಥವಾಗಿರಲು, ಆ ಅರ್ಥವನ್ನು ಎರಡು ದ್ರವ್ಯಗಳ ವಿರೋಧವೇ ಹೊತ್ತಿದೆ. ಆದುದರಿಂದ ಇಲ್ಲಿ ಬೆರಕೆಯು ಪರಿವೃತ್ತಿಯನ್ನು ಸಹಿಸುವುದಿಲ್ಲ. ಅದು ಗುಣವೆಂದೇ ಸಿದ್ಧವಾಯಿತು. ಈ ಪರೀಕ್ಷೆಯಲ್ಲಿ ನಿಲ್ಲದ ಬೆರಕೆಯು ಎಷ್ಟು ವಿಚಿತ್ರವಾಗಿದ್ದರೂ ಆಡಂಬರವೇ.

ಇನ್ನು ಭಾವದ ಮಾತು. ಅದೇ ದಿನಗಳಲ್ಲಿ ವಾನ್ ಗೋ 'ದುಃಖ' ಎಂಬ ಹೆಸರಿನಲ್ಲಿ, ತಲೆಯನ್ನು ತೋಳುಗಳಲ್ಲಿ ಹುದುಗಿಸಿ ಕುಳಿತ ಒಬ್ಬ ಹೆಂಗಸಿನ ಚಿತ್ರವನ್ನು ಬರೆದಿದ್ದನು. ತಮ್ಮನಾದ ಥಿಯೋನಿಗೆ ಬರೆದ ಪತ್ರದಲ್ಲಿ ಅವನು ಈ ಎರಡನ್ನೂ ಜೋಡಿಯಾಗಿ ಹೇಳುತ್ತಾನೆ. ಆ ಮನುಷ್ಯಾಕೃತಿಯಲ್ಲಿರುವ ಭಾವವನ್ನೇ ಭೂದೃಶ್ಯದಲ್ಲಿಯೂ ತರಲು ಯತ್ನಿಸಿದನೆಂದೂ, ಬಿರುಗಾಳಿಯಿಂದ ಅರ್ಧ ಕಿತ್ತುಹೋಗಿಯೂ ನೆಲವನ್ನು ಆವೇಶದಿಂದ ತಬ್ಬಿಕೊಂಡಿರುವ ಬೇರುಗಳಲ್ಲಿ ಬಾಳಿನ ಹೋರಾಟವು ಕಾಣಬೇಕೆಂದೂ ಆ ಪತ್ರದ ತಾತ್ಪರ್ಯ. ಕೂಡಲೆ ಅವನು ತನ್ನ ಮಾತನ್ನು ತಿದ್ದಿಕೊಳ್ಳುತ್ತಾನೆ: ತತ್ತ್ವವನ್ನು ಹೇಳಲು ಹೋಗದೆ ಎದುರಿಗಿದ್ದ ಪ್ರಕೃತಿಗೆ ನಿಷ್ಠನಾಗಿದ್ದುದರಿಂದ ಆ ಹೋರಾಟವು ಬಹುಮಟ್ಟಿಗೆ ತಾನಾಗಿಯೇ ಚಿತ್ರದೊಳಗೆ ಬಂದಿತು ಎನ್ನುತ್ತಾನೆ. ಈ ತಿದ್ದುಪಡಿಯಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಭಾವವು ವಾಚ್ಯವಾಗಿ ಮೇಲಿನಿಂದ ಹೇರಲ್ಪಟ್ಟುದಲ್ಲ. ವಸ್ತುವಿನ ವಿಶಿಷ್ಟರೂಪವನ್ನು ಬಿಡದೆ ಹಿಡಿದುದರಿಂದ ಧ್ವನಿಸಿದುದು. ಬೇರಿಗೆ ಕೈಯ ಆಕಾರವನ್ನೋ ಮುಖದ ಆಕಾರವನ್ನೋ ಕೊಟ್ಟಿದ್ದರೆ ಹೋರಾಟವು ವಾಚ್ಯವಾಗಿ ರಸವು ಒಣಗುತ್ತಿತ್ತು. ಆ ಪ್ರಲೋಭನಕ್ಕೆ ಚಿತ್ರಕಾರನು ಒಳಗಾಗಲಿಲ್ಲ.

೫

ಎಂಟು ವರ್ಷಗಳ ಮೇಲೆ ಅದೇ ಚಿತ್ರಕಾರನು ಅದೇ ವಸ್ತುವಿಗೆ ಮತ್ತೆ ಬಂದನು. ಫ್ರಾನ್ಸಿನ ಓವೇರ್ ಗ್ರಾಮದಲ್ಲಿ ೧೮೯೦ರ ಜುಲೈ ತಿಂಗಳಲ್ಲಿ ಬರೆದ 'ಮರದ ಬೇರುಗಳು' ಎಂಬ ಈ ಚಿತ್ರವು ತೈಲವರ್ಣದ್ದು. ೫೦ ಸೆಂಟಿಮೀಟರು ಎತ್ತರ, ೧೦೦ ಸೆಂಟಿಮೀಟರು ಅಗಲ. ಆಮ್‌ಸ್ಟರ್ಡಾಮಿನ ವಾನ್ ಗೋ ಸಂಗ್ರಹಾಲಯದಲ್ಲಿದೆ. ಮೊದಲ ನೋಟಕ್ಕೆ ಇಲ್ಲಿ ಮರವೇ ಇಲ್ಲ. ನೀಲಿ, ಹಸುರು, ಹಳದಿ, ಕಂದು ಬಣ್ಣಗಳ ತೊಡಕು ಮಾತ್ರ ಇದೆ. ಕ್ಷಿತಿಜವಿಲ್ಲ, ಕಣ್ಣಿಗೆ ನಿಲ್ಲಲು ನೆಲವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು ಇಳಿಜಾರಾದ ಒಂದು ದಿಣ್ಣೆಯೆಂದೂ, ಮಣ್ಣು ಜರಿದು ಹೊರಬಿದ್ದ ಬೇರು ಬೊಡ್ಡೆಗಳೆಂದೂ ತಿಳಿಯುತ್ತದೆ. ಕೆಳಗಿನ ಎಡಭಾಗವು ಪೂರ್ಣವಾಗಿಲ್ಲ.

ಇದು ಅವನ ಕೊನೆಯ ಚಿತ್ರವೆಂಬುದು ಈಗ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮತ. ಗೋಧಿಯ ಹೊಲದ ಮೇಲೆ ಕಾಗೆಗಳು ಹಾರುವ ಚಿತ್ರವೇ ಕೊನೆಯದೆಂಬ ಜನಪ್ರಿಯ ಕಥೆಯು ನಿಲ್ಲಲಿಲ್ಲ. ಥಿಯೋನ ಮೈದುನನಾದ ಆಂಡ್ರೀಸ್ ಬೋಂಗರನು, ಸಾವಿಗೆ ಮುಂಚಿನ ಬೆಳಿಗ್ಗೆ ವಿನ್ಸೆಂಟನು ಕಾಡಿನ ಒಳನೋಟವೊಂದನ್ನು ಬರೆದಿದ್ದನೆಂದೂ, ಅದು ಬಿಸಿಲಿನಿಂದಲೂ ಜೀವದಿಂದಲೂ ತುಂಬಿತ್ತೆಂದೂ ದಾಖಲೆಮಾಡಿದ್ದಾನೆ. ೨೦೨೦ರಲ್ಲಿ ವೌಟರ್ ವಾನ್ ಡೆರ್ ವೇನ್ ಎಂಬ ಸಂಶೋಧಕನು ಇಪ್ಪತ್ತನೆಯ ಶತಮಾನದ ಆರಂಭದ ಒಂದು ಚಿತ್ರಪತ್ರದ ಸಹಾಯದಿಂದ ಆ ದಿಣ್ಣೆಯನ್ನು ಓವೇರಿನ ದೋಬಿನ್ಯಿ ಬೀದಿಯಲ್ಲಿಯೇ ಗುರುತಿಸಿದನು. ಅದು ಚಿತ್ರಕಾರನು ಇಳಿದುಕೊಂಡಿದ್ದ ರಾವೂ ಛತ್ರಕ್ಕೆ ನೂರೈವತ್ತು ಮೀಟರುಗಳಷ್ಟು ಸಮೀಪದಲ್ಲಿದೆ. ಕೇವಲ ವರ್ಣವಿನ್ಯಾಸವೆಂದು ಕೆಲವರು ಕೊಂಡಾಡಿದ ಈ ಚಿತ್ರವನ್ನು ನೂರಮೂವತ್ತು ವರ್ಷಗಳ ಮೇಲೆ, ಬೊಡ್ಡೆ ಬೇರುಗಳ ಹೋಲಿಕೆಯಿಂದಲೇ ಅದರ ಸ್ಥಳಕ್ಕೆ ಕೊಂಡೊಯ್ದು ನಿಲ್ಲಿಸಲು ಸಾಧ್ಯವಾಯಿತು. ಎರಡನೆಯ ಪಕ್ಷದವರಿಗೆ ಇದಕ್ಕಿಂತ ಬಲವಾದ ಉತ್ತರವು ಬೇಕಿಲ್ಲ. ಅಲ್ಲಿ ಸಾದೃಶ್ಯವು ನಾಶವಾಗಿರಲಿಲ್ಲ. ನೋಡುವವನಿಂದ ಹೆಚ್ಚಿನ ಕಾಲವನ್ನು ಬೇಡುತ್ತಿತ್ತು, ಅಷ್ಟೇ.

ಇಲ್ಲಿ ಇನ್ನೊಂದು ಅನರ್ಥವನ್ನು ನಿವಾರಿಸಬೇಕಾಗಿದೆ. ೧೮೯೦ನೆಯ ಜುಲೈ ೨೭ರಂದು ವಾನ್ ಗೋ ತನಗೆ ತಾನೇ ಗುಂಡು ಹೊಡೆದುಕೊಂಡು ೨೯ರಂದು ಮೃತನಾದನು. ಈ ಸಂಗತಿಯನ್ನು ತಿಳಿದವರು ಚಿತ್ರವನ್ನು ಅವನ ಮರಣಶಾಸನದಂತೆ ಓದುತ್ತಾರೆ. ಕಿತ್ತ ಬೇರುಗಳು ಅವನ ಕಿತ್ತ ಬಾಳೆಂದು ಅರ್ಥಮಾಡುತ್ತಾರೆ. ೧೮೮೨ರ ಪತ್ರವು ಈ ಓದಿಗೆ ಆಧಾರದಂತೆ ತೋರುವುದೂ ನಿಜ. ಆದರೆ ರಸಪ್ರತೀತಿಗೆ ಸಾಮಗ್ರಿಯು ಕೃತಿಯ ಒಳಗಿನ ವಿಭಾವಾನುಭಾವಗಳೇ ಹೊರತು ಕೃತಿಕಾರನ ಮನೆಯ ವಾರ್ತೆಯಲ್ಲ. ಚಿತ್ರದಲ್ಲಿ ಏನಿದೆ? ಬೇರುಗಳು ಬತ್ತಿಲ್ಲ, ಅವುಗಳ ಸುತ್ತ ಹಸುರು ಒತ್ತಾಗಿ ಚಿಗುರಿದೆ. ಬಣ್ಣಗಳು ಮಂಕಾಗಿಲ್ಲ, ಬಿಸಿಲಿನಲ್ಲಿ ಕಾಂತಿಯುಕ್ತವಾಗಿವೆ. ಕುಂಚದ ಹೊಡೆತಗಳು ಸೋತ ಕೈಯವಲ್ಲ. ೧೮೮೨ರ ಹಾಳೆಯಲ್ಲಿ ಬೂದು ಕಂದುಗಳು ಕರುಣಕ್ಕೆ ಅನುಕೂಲವಾಗಿದ್ದರೆ, ಇಲ್ಲಿಯ ವರ್ಣಿಕಾಭಂಗವು ಅದಕ್ಕೆ ಪ್ರತಿಕೂಲವಾಗಿದೆ. ಸಮೀಪದ ಸಾಕ್ಷಿಯಾದ ಬೋಂಗರನು ಆ ದುರಂತದ ನಡುವೆಯೂ ಬಿಸಿಲನ್ನೂ ಜೀವವನ್ನೂ ಕಂಡನೆಂಬುದು ಗಮನಾರ್ಹ. ಉತ್ಸಾಹವೇ ಇಲ್ಲಿ ಪ್ರಧಾನಭಾವವೆಂದು ಹೇಳುವುದೇ ನ್ಯಾಯ. ಇಂತಹ ಚಿತ್ರವನ್ನು ಬರೆದವನೂ ಅದೇ ದಿನ ಬದುಕಿಗೆ ಬೆನ್ನುಮಾಡಿದನೆಂಬುದು ಮಾನವಜೀವನದ ದುಃಖವು. ಅದನ್ನು ಚಿತ್ರದ ಮೇಲೆ ಹೊರಿಸಿದರೆ ಸತ್ತವನಿಗೂ ಗೌರವವಲ್ಲ, ಚಿತ್ರಕ್ಕೂ ನ್ಯಾಯವಲ್ಲ.

೬

ಮೂರನೆಯವನು ಪೀಟ್ ಮಾಂಡ್ರಿಯನ್ (೧೮೭೨–೧೯೪೪). ಇವನೂ ಡಚ್ ದೇಶದವನೇ. ಇವನ ಮರಗಳು ಒಂದೇ ಮರದ ಕ್ರಮಪರಿಣಾಮವೆಂಬಂತೆ ಸಾಲಾಗಿ ನಿಲ್ಲುತ್ತವೆ. ೧೯೦೮ರಿಂದ ೧೯೧೦ರ ವರೆಗೆ ಬರೆದ 'ಸಂಜೆ: ಕೆಂಪು ಮರ' ಎಂಬುದರಲ್ಲಿ ನೀಲಿಯ ಹಿನ್ನೆಲೆಯ ಮೇಲೆ ಬಾಗಿದ ಬೋಳುಮರವೊಂದು ಉರಿಯುವ ಕೆಂಪಿನಲ್ಲಿ ನಿಂತಿದೆ. ವಾನ್ ಗೋವಿನ ಪ್ರಭಾವವು ಇದರಲ್ಲಿ ಸ್ಪಷ್ಟ. ೧೯೧೧ರ 'ಬೂದು ಮರ'ದಲ್ಲಿ ವರ್ಣವೆಲ್ಲವೂ ಅಡಗಿ, ಕೊಂಬೆಗಳು ಬಿಲ್ಲುಗಳಂತೆ ಬಾಗಿದ ಗೆರೆಗಳಾಗಿವೆ. ಕೊಂಬೆಗಳ ನಡುವಿನ ಆಕಾಶವೂ ಕೊಂಬೆಗಳಷ್ಟೇ ದಟ್ಟವಾಗಿ ಲೇಪಿತವಾಗಿದೆ. ೧೯೧೨ರ 'ಹೂಬಿಟ್ಟ ಸೇಬಿನ ಮರ'ದಲ್ಲಿ ಬಾಗಿದ ಗೆರೆಗಳ ಜಾಲವೇ ಉಳಿದು, ಹೆಸರನ್ನು ಓದದವನಿಗೆ ಮರವೆಂದು ಹೊಳೆಯುವುದು ದುಷ್ಕರವಾಗಿದೆ. ಈ ಮೂರೂ ಹೇಗ್ ನಗರದ ಕಲಾಸಂಗ್ರಹಾಲಯದಲ್ಲಿರುವುದರಿಂದ ಹೋಲಿಸಿ ನೋಡುವವರಿಗೆ ಅನುಕೂಲವುಂಟು. ಇದಕ್ಕೆ ಮುಂದಿನ ಮೆಟ್ಟಲು ೧೯೧೩ರ ಏಳನೆಯ 'ಸಂಯೋಜನೆ'. ಅದು ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿದೆ. ಅದರ ಮೂಲವೂ ಮರವೇ. ಆದರೆ ಚಿತ್ರದಲ್ಲಿರುವುದು ಕಪ್ಪು ಗೆರೆಗಳ ಚೌಕಟ್ಟುಗಳೂ ಅವುಗಳೊಳಗಿನ ವರ್ಣಖಂಡಗಳೂ ಮಾತ್ರ. ಹೆಸರಿನಲ್ಲಿಯೂ ಮರವಿಲ್ಲ.

೧೯೧೧ರಲ್ಲಿ ಆಮ್‌ಸ್ಟರ್ಡಾಮಿನ ಪ್ರದರ್ಶನದಲ್ಲಿ ಬ್ರಾಕ್, ಪಿಕಾಸೋ ಮೊದಲಾದವರ ಕೃತಿಗಳನ್ನು ನೋಡಿದುದೂ, ಅನಂತರ ಪ್ಯಾರಿಸಿಗೆ ಹೋಗಿ ನೆಲಸಿದುದೂ ಈ ಪರಿಣಾಮಕ್ಕೆ ಕಾರಣಗಳು. ೧೯೦೯ರಲ್ಲಿ ಅವನು ಬ್ರಹ್ಮವಿದ್ಯಾಸಮಾಜವನ್ನು ಸೇರಿದ್ದನು. ಆ ಸಮಾಜದ ಮುಖ್ಯಸ್ಥಾನವು ಮದರಾಸಿನ ಅಡಯಾರಿನಲ್ಲಿರುವುದನ್ನು ಹಿಡಿದು, ಈ ಗೆರೆಗಳಲ್ಲಿ ವೇದಾಂತವನ್ನು ಹುಡುಕುವ ಆತುರವು ಕೆಲವರಿಗೆ ಹುಟ್ಟಬಹುದು. ಅಷ್ಟರಿಂದ ಅಷ್ಟನ್ನು ಸಾಧಿಸಲಾಗದು. ಚಿತ್ರದ ಗುಣದೋಷಗಳನ್ನು ಚಿತ್ರದಲ್ಲಿಯೇ ನೋಡತಕ್ಕದ್ದು.

ಹಾಗೆ ನೋಡಿದರೆ ಈ ಸಾಲಿನಲ್ಲಿ 'ಬೂದು ಮರ'ವೇ ಶ್ರೇಷ್ಠವೆಂದು ಹೇಳಬೇಕಾಗಿದೆ. ಕೆಂಪು ಮರದಲ್ಲಿ ಭಾವವು ಬಣ್ಣದಿಂದ ಬಂದಿದೆ. ಕೊಂಬೆಗಳ ಸಹಕಾರವು ಅಷ್ಟಾಗಿಲ್ಲ. ಬೂದು ಮರದಲ್ಲಿ ಬಣ್ಣದ ಸಹಾಯವನ್ನು ಬಿಟ್ಟು ರೇಖೆಯೊಂದನ್ನೇ ನಂಬಿ, ಮುದಿಮರವು ಗಾಳಿಯನ್ನೂ ಬೆಳಕನ್ನೂ ತನ್ನ ಕೊಂಬೆಗಳ ನಡುವೆ ಹಿಡಿದು ನಿಂತಿರುವ ಬಗೆಯು ವ್ಯಕ್ತವಾಗಿದೆ. ಚಿತ್ರಸೂತ್ರದ ಪ್ರಕಾರ ಆಚಾರ್ಯರು ಮೆಚ್ಚುವುದು ರೇಖೆಯನ್ನು, ಇತರ ಜನರು ಮೆಚ್ಚುವುದು ವರ್ಣಸಮೃದ್ಧಿಯನ್ನು; ಈ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಆ ಮಾತಿನ ಸತ್ಯವು ವಿದಿತವಾಗುತ್ತದೆ. ಕೊಂಬೆ ಯಾವುದು, ಬಯಲು ಯಾವುದು ಎಂಬ ಸಂಶಯವು ಇಲ್ಲಿ ದೋಷವಲ್ಲ. ಸಂಜೆಯ ಹೊತ್ತಿನಲ್ಲಿ ಬೋಳುಮರವನ್ನು ತಲೆಯೆತ್ತಿ ನೋಡುವವನಿಗೆ ಅದು ಅನುಭವಸಿದ್ಧ.

೧೯೧೩ರ ಸಂಯೋಜನೆಯ ವಿಷಯದಲ್ಲಿ ಹೀಗೆ ಹೇಳಲು ಬರುವುದಿಲ್ಲ. ಅಲ್ಲಿಯ ಗೆರೆಗಳು ಯಾವ ಮರದ ಮುಪ್ಪನ್ನೂ ಹೇಳುವುದಿಲ್ಲ. ಮರದ ಬದಲು ಗೋಪುರದಿಂದ ಆರಂಭಿಸಿದ್ದರೂ ಅವು ಇಂತೆಯೇ ಮುಗಿಯಬಹುದಾಗಿತ್ತು. ಆನಂದವರ್ಧನನು ಧ್ವನಿಯ ವಿವಕ್ಷೆಯಿಲ್ಲದ ಕಾವ್ಯವನ್ನು 'ಚಿತ್ರ'ವೆಂದು ಕರೆದು ಕೆಳಗಿನ ಸ್ಥಾನದಲ್ಲಿಟ್ಟನು. ವೃಕ್ಷಚಿತ್ರವೆಂಬ ದೃಷ್ಟಿಯಿಂದ ಮಾಂಡ್ರಿಯನ್ನನ ಈ ಕೃತಿಯು ಆ ಅರ್ಥದಲ್ಲಿ 'ಚಿತ್ರ'ವಾಗಿ ಉಳಿಯುತ್ತದೆ. ಆದರೆ ಇದನ್ನು ಅಶಕ್ತಿಯೆನ್ನುವುದು ಅನ್ಯಾಯ. ಕೆಂಪು ಮರವನ್ನೂ ಬೂದು ಮರವನ್ನೂ ಬರೆದ ಕೈಯೇ ಇದನ್ನೂ ಬರೆದಿದೆ. ಬರೆಯಲಾರದೆ ಬಿಟ್ಟುದಲ್ಲ, ಬಲ್ಲವನಾಗಿ ಬಿಟ್ಟುದು. ಸಾಹಿತ್ಯವಿಲ್ಲದ ಆಲಾಪನೆಯನ್ನು ಶಬ್ದಾರ್ಥದಿಂದ ಅಳೆಯದೆ ಸ್ವರಸಂಗತಿಯಿಂದ ಅಳೆಯುವಂತೆ, ಇದನ್ನು ರೇಖಾಸಂಗತಿಯಿಂದ ಅಳೆಯಬೇಕು. ವೃಕ್ಷಚಿತ್ರದ ಮಾನದಂಡವು ಅದಕ್ಕೆ ಸಲ್ಲದು. ಅದರ ಮಾನದಂಡವೂ ವೃಕ್ಷಚಿತ್ರಕ್ಕೆ ಸಲ್ಲದು.

೭

ಇಷ್ಟರಿಂದ ಒಂದು ಆಕ್ಷೇಪಕ್ಕೆ ಅವಕಾಶವಾಗುತ್ತದೆ. ಅವಯವವೊಂದನ್ನೇ ಬರೆದರೆ ಪ್ರಮಾಣವೆಂಬ ಅಂಗವು ಲೋಪವಾಗುವುದಿಲ್ಲವೇ? ಬೇರು ಬೆರಳಿನಷ್ಟೋ ಆನೆಯ ಸೊಂಡಿಲಿನಷ್ಟೋ ಎಂದು ತಿಳಿಯಲು ಚಿತ್ರದಲ್ಲಿ ಪಕ್ಕದ ವಸ್ತುವಿಲ್ಲವಲ್ಲ? ಈ ಆಕ್ಷೇಪವು ಬಲವಾದುದೇ. ೧೮೯೦ರ ಚಿತ್ರದಲ್ಲಿ ಕಣ್ಣು ಮೊದಲು ತಬ್ಬಿಬ್ಬಾಗುವುದಕ್ಕೆ ಇದೂ ಒಂದು ಕಾರಣ. ಸಮಾಧಾನವೇನೆಂದರೆ, ಪ್ರಮಾಣವು ವಸ್ತುವಿಗೂ ವಸ್ತುವಿಗೂ ಇರುವಂತೆ ಅವಯವಕ್ಕೂ ಅವಯವಕ್ಕೂ ಉಂಟು. ಗಂಟಿಗೂ ಸೀಳಿಗೂ, ಬೇರಿಗೂ ಮಣ್ಣಿಗೂ ಇರುವ ಪರಸ್ಪರ ಪ್ರಮಾಣವು ಕೆಡದಿದ್ದರೆ ಹೊರಗಿನ ಅಳತೆಯ ಅಭಾವವು ಸಹ್ಯವಾಗುತ್ತದೆ. ಅದೂ ಕೆಟ್ಟರೆ ಚಿತ್ರವು ಬಣ್ಣದ ಕಲೆಯಾಗುವುದರಲ್ಲಿ ಸಂಶಯವಿಲ್ಲ. ಇಂತಹ ಚಿತ್ರಗಳನ್ನು ಅನುಕರಿಸುವವರಲ್ಲಿ ಬಹುಮಂದಿ ಜಾರುವುದು ಈ ಸ್ಥಳದಲ್ಲಿಯೇ. ಮರದ ಮುಂದೆ ನಿಲ್ಲದೆ, ಬಗೆಬಗೆಯ ದ್ರವ್ಯಗಳನ್ನು ಅಂಟಿಸಿ ಕೆರೆದು, ತೊಗಟೆಯೆಂದು ಹೆಸರಿಟ್ಟ ಮಾತ್ರಕ್ಕೆ ತೊಗಟೆಯಾಗುವುದಿಲ್ಲ.

ಆದುದರಿಂದ ನಿರ್ಣಯವು ಹೀಗೆ. ಸಮೀಪದಿಂದ ಬರೆದ ವೃದ್ಧವೃಕ್ಷದ ಚಿತ್ರವನ್ನು ಪರೀಕ್ಷಿಸುವವನು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಚಿತ್ರವು ಮರದ ಸಾಮಾನ್ಯರೂಪವನ್ನು ಬಿಟ್ಟಿದ್ದರೆ ವಿಶಿಷ್ಟರೂಪವನ್ನು ಹಿಡಿದಿದೆಯೇ? ಬೆರಸಿದ ದ್ರವ್ಯಗಳಲ್ಲಿ ಒಂದನ್ನು ತೆಗೆದರೆ ಅರ್ಥವು ಕೆಡುತ್ತದೆಯೇ? ಭಾವವು ವಸ್ತುವಿನಿಂದ ಧ್ವನಿಸಿದೆಯೇ, ಹೆಸರಿನಿಂದಲೋ ಚಿತ್ರಕಾರನ ಚರಿತ್ರೆಯಿಂದಲೋ ಸಾಲ ತಂದುದೇ? ಪಾಮರನ ಓಕ್ ಮರವು ಮೊದಲನೆಯ ಪ್ರಶ್ನೆಗೂ, ವಾನ್ ಗೋವಿನ ೧೮೮೨ರ ಹಾಳೆಯು ಎರಡನೆಯದಕ್ಕೂ, ಅವನ ಕೊನೆಯ ಚಿತ್ರವು ಮೂರನೆಯದಕ್ಕೂ ಉತ್ತಮವಾದ ಉತ್ತರಗಳು. ಮಾಂಡ್ರಿಯನ್ನನ ಸಾಲು ಈ ಮಾರ್ಗದ ಎಲ್ಲೆಯನ್ನು ತೋರಿಸುತ್ತದೆ.

ಸಾದೃಶ್ಯವು ಗೆರೆಯಲ್ಲಿ ಮಾತ್ರ ಇದೆಯೆಂದು ತಿಳಿದವನು ಇಂತಹ ಚಿತ್ರಗಳನ್ನು ಹಳಿದರೂ ಕುರುಡನು, ಹೊಗಳಿದರೂ ಕುರುಡನು. ವಿದ್ಯಾರ್ಥಿಗಳಿಗೆ ಕಾವ್ಯವನ್ನಾಗಲಿ ಚಿತ್ರವನ್ನಾಗಲಿ ಬೋಧಿಸುವವರು ಮತಭೇದಗಳನ್ನು ಹೇಳುವುದಕ್ಕೆ ಮುಂಚೆ, ಅವರನ್ನು ಸಮೀಪದ ಒಂದು ಹಳೆಯ ಆಲದ ಮರದ ಬುಡಕ್ಕೋ ಹುಣಿಸೆಯ ಮರದ ಬುಡಕ್ಕೋ ಕರ‍ೆದೊಯ್ದು ಅರ್ಧ ಗಳಿಗೆ ಸುಮ್ಮನೆ ನಿಲ್ಲಿಸುವುದು ಲೇಸು. ಅಲ್ಲಿ ಕಂಡುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚಿತ್ರಗಳ ಮುಂದೆ ಬಂದವನಿಗೆ ಶಾಸ್ತ್ರವೂ ಚಿತ್ರವೂ ಒಂದನ್ನೊಂದು ವಿವರಿಸುತ್ತವೆ.